ಇಲ್ಲದ ದಿನ ಬರೆದ ಕಾಗದ

ಬೊಲೋನ್ಯಾ, ಮೇ 20, 1582

ಮೀನೋ,

ಈಸ್ಟರ್ ಹಬ್ಬದ ಮಾರನೆಯ ದಿನ ದೋಣಿ ಹತ್ತಿದವನು ನೀನು. ಇವತ್ತಿಗೆ ಐದು ವಾರ. ಬಂದದ್ದು ಒಂದು ಕಾಗದ, ಅದರಲ್ಲಿ ಆರು ಸಾಲು, ಆ ಆರರಲ್ಲಿ ಮೂರು ಸಾಲು ಮೀನಿನ ಸಾರಿನ ವರ್ಣನೆ. ಅಮ್ಮ ಸತ್ತ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಅಕ್ಷರ ತಿದ್ದಿಸಿದ್ದು ಈ ಭಾಗ್ಯಕ್ಕೇನೋ?

ಕಳೆದ ವಾರ ಇಲ್ಲಿ ಸಂಜೆ ಸಂಜೆಗೇ ಬಾಲದ ಚುಕ್ಕಿ ಕಾಣಿಸಿತು. ಬೀದಿಯ ಜನವೆಲ್ಲ ಮನೆ ಮುಂದಿನ ಕಮಾನಿನಿಂದ ಹೊರಗೆ ಬಂದು ಕತ್ತೆತ್ತಿ ನಿಂತಿದ್ದರು. ಪಕ್ಕದ ಮನೆಯ ಕಸಾಂದ್ರತ್ತೆ ನನ್ನ ಕಡೆ ತಿರುಗಿ, "ಯಾರ ಮನೇಲೋ ಏನೋ ಕಾದಿದೆ ಕಣೇ," ಅಂದಳು. ಅವಳ ಕಣ್ಣು ಮಾತ್ರ ನೆಟ್ಟಗೆ ನಮ್ಮ ಮನೆಯ ಬಾಗಿಲ ಮೇಲೇ ಇತ್ತು.

ಎರಡು ದಿನ ಬಿಟ್ಟು ಸೆರ್ ಪೊಂಪೀಲಿಯೊ ಬಂದ. ರೇಷ್ಮೆ ಸಂಘದ ಗುಮಾಸ್ತ ಸುಮ್ಮನೆ ಯಾರ ಮನೆಯ ಮೆಟ್ಟಿಲೂ ಹತ್ತುವವನಲ್ಲ. ಕೂತ, ಕೊಟ್ಟ ದ್ರಾಕ್ಷಾರಸ ಕುಡಿದ, ಬಿಸಿನೀರಿನ ಬಾಣಲೆಯಲ್ಲಿ ನಾನು ರೇಷ್ಮೆ ಗೂಡು ಬಿಚ್ಚುವುದನ್ನು ನೋಡುತ್ತಾ ಬೆಣ್ಣೆ ಮಾತು ಶುರುಮಾಡಿದ.

"ತಮ್ಮ ಚೆನ್ನಾಗಿದಾನಾ ದಿಯಾಮಾಂತೆ?"

"ಚೆನ್ನಾಗಿದಾನೆ ಸ್ವಾಮಿ. ಹಡಗು ಕಟ್ಟೋ ಕಡೆ ಬಡಗಿ ಕೆಲಸ."

"ಹಡಗಿನ ಕೆಲಸ ಒಂದೇ ಅಲ್ವಾ? ಅಲ್ಲಿ ಯಾರಿಗೂ ರೇಷ್ಮೆ ಹುರಿ ಹಾಕೋ ಗಿರಣಿ ಬೇಕು ಅಂತ ಆಸೆ ಇಲ್ವಾ?"

ನಗುತ್ತಲೇ ಕೇಳಿದ, ಹಾಳಾದವನು. ಕಾಲುವೆಯ ಕಟ್ಟೆ ರಿಪೇರಿಗೆಂದು ನೀನು ದುಡಿಯುವ ಹುರಿ ಗಿರಣಿ ನಿಂತಿದ್ದಕ್ಕೆ ನಿನಗೆ ಊರು ಬಿಡಲು ಸಂಘದ ಅಪ್ಪಣೆ ಸಿಕ್ಕಿದ್ದು, ಅದೂ ವೆನಿಸ್‌ಗೆ ಮಾತ್ರ, ಸಂತ ಮಾರ್ತೀನೊ ಹಬ್ಬದವರೆಗೆ ಮಾತ್ರ. ಜಾಮೀನಿಗೆ ಸಹಿ ಹಾಕಿದವಳು ನಾನು. ನವೆಂಬರ್ ಹನ್ನೊಂದಕ್ಕೆ ನೀನು ಊರಲ್ಲಿರದಿದ್ದರೆ ಗಿರಣಿಯ ಗುಟ್ಟನ್ನು ಹೊರಗಿನವರಿಗೆ ಮಾರಿಕೊಂಡೆ ಎಂದೇ ಲೆಕ್ಕ. ಸಿಕ್ಕಿದರೆ ನೇಣು. ಸಿಗದಿದ್ದರೆ ಸಂಘದ ಗೋಡೆಯ ಮೇಲೆ ಒಂಟಿಕಾಲಿಗೆ ಹಗ್ಗ ಕಟ್ಟಿ ತಲೆಕೆಳಗಾಗಿ ನೇತುಹಾಕಿದ ನಿನ್ನ ಚಿತ್ರ. ಆಮೇಲೆ ನಿನ್ನನ್ನು ಕಂಡಲ್ಲಿ ಹಿಡಿಯಲು ಯಾರ ಅಪ್ಪಣೆಯೂ ಬೇಡ.

ಪೊಂಪೀಲಿಯೊ ಹೋದ ಮೇಲೆ ಸುಮ್ಮನಿರಲಾರದೆ ಅಟ್ಟ ಹತ್ತಿದೆ. ಅಪ್ಪ ಕದ್ದುಮುಚ್ಚಿ ಕೆತ್ತಿದ್ದ ಆ ಪುಟ್ಟ ಗಿರಣಿ ಗೊಂಬೆ ಅಲ್ಲಿಲ್ಲ. ಕದಿರು, ಚಕ್ರ, ಹಲ್ಲು ಎಲ್ಲ ಇದ್ದ, ತಿರುಗಿಸಿದರೆ ತಿರುಗುತ್ತಿದ್ದ ಗೊಂಬೆ. ನೀನು ತೆಗೆದುಕೊಂಡು ಹೋದೆಯಾ? ಹೌದು ಅಥವಾ ಇಲ್ಲ, ಒಂದೇ ಮಾತು ಬರಿ. ವೆನಿಸ್ ಎಂಬ ಊರಿನ ಹೆಸರೇ ನನಗೆ ಆಗದು, ಯಾಕೆಂದು ನಿನಗೆ ಗೊತ್ತು. ಇನ್ನಷ್ಟು ಹೊಟ್ಟೆ ಉರಿಸಬೇಡ.

ನಿನ್ನ ಅಕ್ಕ,
ದಿಯಾಮಾಂತೆ


ವೆನಿಸ್, ಜೂನ್ 9, 1582

ಅಕ್ಕಾ,

ನಿನ್ನ ಕಾಗದ ಓದುವಾಗ ನೀನು ಎದುರಿಗೇ ಸೌಟು ಹಿಡಿದು ನಿಂತಂತೆ ಆಯಿತು. ಬಲಗೈ ತಾನಾಗಿ ಹುಬ್ಬಿನ ಗಾಯ ಮುಟ್ಟಿ ನೋಡಿಕೊಂಡಿತು.

ಇಲ್ಲಿ ನನಗೇನೂ ಕೊರತೆಯಿಲ್ಲ. ರೊಟ್ಟಿ ಸುಡುವ ಹೆಂಗಸೊಬ್ಬಳ ಅಟ್ಟದಲ್ಲಿ ಮಲಗುತ್ತೇನೆ, ಹೆಸರು ಜ್ವಾನಾ. ಬಂದ ದಿನವೇ ನನ್ನ ಮುಖ ನೋಡಿ, "ಹುಬ್ಬು ಯಾರು ಸೀಳಿದ್ದು ಮಗಾ, ಹೆಂಡತಿಯಾ?" ಎಂದಳು. ಹಿಪ್ಪುನೇರಳೆ ಮರದಿಂದ ಬಿದ್ದೆ ಎಂದೆ, ಊರಿಗೆಲ್ಲ ಹೇಳಿದ ಹಾಗೆಯೇ. ನಿನ್ನ ಬಗ್ಗೆ ಅವಳಿಗೆ ತುಂಬ ಹೇಳಿದ್ದೇನೆ. ಬೀಸಣಿಗೆಯಂಥ ಕಿವಿ, ಕೊಕ್ಕರೆ ಕತ್ತು, ಎಡ ತುಟಿಯ ಕೆಳಗೆ ಕಡಲೆಕಾಳಿನಷ್ಟು ಮಚ್ಚೆ, ಅದರ ಮೇಲೆ ಸಿಟ್ಟು ಬಂದಾಗ ನಡುಗುವ ಒಂದೇ ಒಂದು ಕೂದಲು. ಅವಳು ನಕ್ಕು ನಕ್ಕು ಹಿಟ್ಟಿನ ಮೇಲೆ ಬಿದ್ದಳು.

ಸಮುದ್ರ ನೋಡಿದೆ. ಎಷ್ಟು ನೋಡಿದರೂ ಮುಗಿಯುತ್ತಿಲ್ಲ. ದಡದಲ್ಲಿ ನಿಂತರೆ ಸಾಲದು, ಒಳಗೆ ಹೋಗಬೇಕು ಅನ್ನಿಸುತ್ತದೆ.

ಪೊಂಪೀಲಿಯೊನ ಮಾತಿಗೆ ಕಿವಿ ಕೊಡಬೇಡ. ಹುರಿ ಗಿರಣಿಯ ಸುದ್ದಿಯನ್ನು ಇಲ್ಲಿ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಹಬ್ಬಕ್ಕೆ ಮನೆಯಲ್ಲಿರುತ್ತೇನೆ.

ನಿನ್ನ ತಮ್ಮ,
ಫ್ಲಮೀನಿಯೊ


ಬೊಲೋನ್ಯಾ, ಜುಲೈ 28, 1582

ಮೀನೋ,

ನನ್ನ ಕಿವಿ, ನನ್ನ ಕತ್ತು, ನನ್ನ ಮಚ್ಚೆ, ಎಲ್ಲ ಬರೆದೆ. ಕೇಳಿದ ಒಂದು ಮಾತು ಬಿಟ್ಟು. ಗೊಂಬೆ ಎಲ್ಲಿ?

ಜೂನ್‌ನಲ್ಲಿ ಮತ್ತೊಮ್ಮೆ ಬರೆದು ಕೇಳಿದೆ. ಅದಕ್ಕೂ ಉತ್ತರವಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಹೆಗಲನ್ನೂ ಮುಟ್ಟುತ್ತಿಲ್ಲ, ಕಿವಿಯನ್ನೇ ಮುಚ್ಚಿಕೊಂಡು ಕೂತಿದ್ದೀ. ಇದರಿಂದ ನನಗೆ ಇನ್ನೂ ಭಯ.

ಪೊಂಪೀಲಿಯೊ ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ನಿನ್ನ ಕಾಗದ ಓದಿ ಹೇಳು ಎನ್ನುತ್ತಾನೆ. ಓದುತ್ತೇನೆ. "ಒಳಗೆ ಹೋಗಬೇಕು ಅನ್ನಿಸುತ್ತದೆ" ಎಂಬಲ್ಲಿ ಕೈ ಎತ್ತಿ ನಿಲ್ಲಿಸಿದ. "ಎಲ್ಲಿ ಒಳಗೆ?" ಎಂದ. "ನೀರಿನ ಒಳಗೆ ಸ್ವಾಮಿ, ಇನ್ನೆಲ್ಲಿ?" ಎಂದೆ. ಅವನು ತಲೆಯಾಡಿಸಿದ ರೀತಿ ನನಗೆ ಹಿಡಿಸಲಿಲ್ಲ. ಅವನು ಹೋದ ಮೇಲೆ ಆ ಸಾಲನ್ನು ನಾನೂ ಮೂರು ಸಲ ಓದಿದೆ. ಅವನ ತಲೆಯ ಹುಳ ನನ್ನ ತಲೆಗೂ ಬಂತು, ನೋಡು.

ದಿಯಾಮಾಂತೆ


ವೆನಿಸ್, ಆಗಸ್ಟ್ 6, 1582

ಅಕ್ಕಾ,

ತುಂಬ ಕೆಲಸ. ಒಂದೆರಡು ತಿಂಗಳು ಕಾಗದ ಬರದಿದ್ದರೆ ಗಾಬರಿಯಾಗಬೇಡ. ಗೊಂಬೆಯ ಮಾತನ್ನು ಕಾಗದದಲ್ಲಿ ಎತ್ತಬೇಡ, ದಮ್ಮಯ್ಯ. ಬಂದ ಮೇಲೆ ಎದುರಿಗೆ ಕೂತು ಹೇಳುತ್ತೇನೆ.

ಫ್ಲಮೀನಿಯೊ


ಬೊಲೋನ್ಯಾ, ಅಕ್ಟೋಬರ್ 15, 1582

ಮೀನೋ,

ಎರಡು ತಿಂಗಳ ಮೇಲಾಯಿತು. ನಾನು ಗಾಬರಿಯಾಗಿಲ್ಲ. ನೀನೇ ಬೇಡ ಎಂದಿದ್ದೀಯಲ್ಲ! ಬಾಣಲೆಯ ಬಿಸಿನೀರಿನಲ್ಲಿ ಮೂರು ಸಲ ಕೈ ಸುಟ್ಟುಕೊಂಡೆ, ಅಷ್ಟೆ.

ನಿನ್ನೆ ನಮ್ಮ ಸಂತ ಪೆತ್ರೋನಿಯೊ ಹಬ್ಬ, ಅಕ್ಟೋಬರ್ ನಾಲ್ಕು. ಮಲಗಿ ಎದ್ದರೆ ಹದಿನೈದು. ಪೋಪ್ ನಮ್ಮೂರಿನವರು ಎಂದು ಮೆರೆದಿದ್ದೇ ಬಂತು, ನಮ್ಮದೇ ಹತ್ತು ದಿನ ಎತ್ತಿಕೊಂಡು ಹೋದರು. ಚರ್ಚಿನಲ್ಲಿ ತಿಂಗಳ ಹಿಂದೆಯೇ ಓದಿ ಹೇಳಿದ್ದರು. ಸೂರ್ಯನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆಯಿಲ್ಲವಂತೆ, ಅದಕ್ಕೆ ಐದರಿಂದ ಹದಿನಾಲ್ಕರವರೆಗಿನ ತಾರೀಖುಗಳನ್ನು ಕಿತ್ತು ಹಾಕಿದ್ದಾರಂತೆ. ಕಸಾಂದ್ರತ್ತೆ ಬೆಳಗ್ಗೆಯೇ ಬಂದು ಅತ್ತಳು. "ನನ್ನ ಹುಟ್ಟಿದ ದಿನ ಒಂಬತ್ತನೇ ತಾರೀಕು ಕಣೇ. ಈ ವರ್ಷ ನಾನು ಹುಟ್ಟೇ ಇಲ್ವಾ?" ಎಂದಳು. "ಒಂದು ವರ್ಷ ಚಿಕ್ಕವಳಾದೆ, ಹಬ್ಬದ ಮೊರ್ತದೆಲ್ಲಾ ಹಂದಿಮಾಂಸ ಉಳಿದಿದೆ, ತಿಂದುಕೊಂಡು ಹೋಗು," ಎಂದೆ.

ನಗಬೇಡ. ಈ ಹತ್ತು ದಿನ ಹಾರಿದ್ದರಿಂದ ಸಂತ ಮಾರ್ತೀನೊ ಹಬ್ಬ ಹತ್ತಿರವಾಯಿತು. ನಾಲ್ಕು ವಾರವೂ ಉಳಿದಿಲ್ಲ. ಬೆರಳಿನಲ್ಲಿ ಸರಿಯಾಗಿ ಎಣಿಸಿಕೊಂಡು ಹೊರಡು.

ಅಕ್ಕ


ವೆನಿಸ್, ಅಕ್ಟೋಬರ್ 9, 1582

ಅಕ್ಕಾ,

ಬದುಕಿದ್ದೇನೆ, ಗಟ್ಟಿಯಾಗಿದ್ದೇನೆ. ಹಡಗಿನ ಕೆಲಸ ಬಿಡುವಿಲ್ಲದೆ ನಡೆದಿದೆ. ಈ ತಿಂಗಳ ಮೂವತ್ತಕ್ಕೆ ಇಲ್ಲಿಂದ ಬಿಡುಗಡೆ. ಅಲ್ಲಿಂದ ಹಬ್ಬಕ್ಕೆ ಹನ್ನೆರಡು ದಿನ ಇರುತ್ತದೆ, ಐದು ದಿನದ ದಾರಿ. ಆರಾಮವಾಗಿ ಬಂದು ಸೇರುತ್ತೇನೆ, ಹೊಸ ದ್ರಾಕ್ಷಾರಸದ ಪೀಪಾಯಿ ನಾನೇ ತೆರೆಯುತ್ತೇನೆ. ಸುಟ್ಟ ಚೆಸ್ಟ್‌ನಟ್ ಮಾಡಿಟ್ಟಿರು. ಈ ಕಾಗದಕ್ಕೆ ಉತ್ತರ ಬೇಡ.

ನಿನ್ನ ಮೀನೋ


ಬೊಲೋನ್ಯಾ, ಅಕ್ಟೋಬರ್ 27, 1582

ಫ್ಲಮೀನಿಯೊ,

ಉತ್ತರ ಬೇಡ ಎಂದರೂ ಬರೆಯುತ್ತಿದ್ದೇನೆ. ಬರೆಯುತ್ತಿರುವುದು ಯಾರಿಗೆ ಎಂಬುದೇ ಗೊತ್ತಿಲ್ಲ.

ನಿನ್ನ ಕಾಗದ ಮೊನ್ನೆ ಬಂತು. ಆ ಸಂತೋಷದಲ್ಲಿ ನನಗೆ ತಾರೀಖಿನ ಮೇಲೆ ಕಣ್ಣೇ ಹೋಗಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ನಾನೇ ಸಂಘಕ್ಕೆ ಓಡಿದೆ. ಯಾರೂ ಕರೆದಿರಲಿಲ್ಲ. ಪೊಂಪೀಲಿಯೊನ ಮೇಜಿನ ಮೇಲೆ ಬೀಸಿ ಹಾಕಿ, "ನೋಡಿ ಸ್ವಾಮಿ, ಹಬ್ಬಕ್ಕೆ ಬರ್ತಾನಂತೆ. ಇನ್ನಾದ್ರೂ ನನ್ನ ಮನೆ ಮೆಟ್ಟಿಲು ಸವೆಸೋದು ಬಿಡಿ," ಎಂದೆ.

ಅವನು ಕೊನೆಯವರೆಗೆ ಓದಿದ. ಮತ್ತೆ ಮೊದಲ ಸಾಲಿಗೆ ಬಂದು ಬೆರಳಿಟ್ಟ.

"ಅಕ್ಟೋಬರ್ ಒಂಬತ್ತು," ಎಂದ. "ನಿನ್ನ ತಮ್ಮನಿಗೆ ಈ ದಿನ ಎಲ್ಲಿ ಸಿಕ್ತು ತಾಯಿ?"

"ಕೈತಪ್ಪಿ ಬರೆದಿರ್ತಾನೆ."

"ಒಂದು ದಿನ ತಪ್ಪಬಹುದು. ಹಬ್ಬಕ್ಕೆ ಹನ್ನೆರಡು ದಿನ ಉಳಿಯುತ್ತೆ ಅಂತ ಕೂಡಿ ಕಳೆದು ಬರೆದಿದಾನಲ್ಲ, ಅದೂ ಕೈತಪ್ಪಾ? ವೆನಿಸ್‌ನಲ್ಲೂ ನಾಲ್ಕರ ಮಾರನೇ ದಿನ ಹದಿನೈದೇ. ಒಂಬತ್ತನೇ ತಾರೀಕು ಇನ್ನೂ ಉಳಿದಿರೋದು ಬೆಟ್ಟದ ಆಚೆ, ಲೂಥರನ ಜನದ ಹತ್ರ. ಅವರು ಪೋಪ್ ಹೇಳಿದ್ದನ್ನ ಕೇಳಲ್ಲ. ಅಲ್ಲೂ ಕಾಲುವೆ ಇದೆ ದಿಯಾಮಾಂತೆ, ಅಲ್ಲೂ ರೇಷ್ಮೆ ಬೇಕು. ಇಲ್ಲದ್ದು ಗಿರಣಿ ಒಂದೇ."

ಆಮೇಲೆ ಕಾಗದವನ್ನು ಮೂಗಿನ ಹತ್ತಿರ ಹಿಡಿದ. ನನಗೂ ಹಿಡಿದ. ಹುಳಿ ದ್ರಾಕ್ಷಾರಸದ ಘಾಟು. ಅಂಚು ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. "ಯಾರೋ ಮುದ್ರೆ ಕರಗಿಸಿ ಓದಿ ಮತ್ತೆ ಮುಚ್ಚಿದಾರೆ. ಅವನನ್ನ ಸಾಕ್ತಿರೋರು ಹುಷಾರಿ ಜನ," ಎಂದ.

ಮೀನೋ, ನಾನು ಆ ಕಾಗದಕ್ಕೆ ಮನೆಯಲ್ಲಿ ಹತ್ತು ಸಲ ಮುತ್ತಿಟ್ಟಿದ್ದೆ. ಆ ಘಾಟು ನನ್ನ ಮೂಗಿಗೆ ಹತ್ತಿರಲಿಲ್ಲ. ಸಂಘದಿಂದ ಮನೆಗೆ ಬರುವಷ್ಟರಲ್ಲಿ ನಿನ್ನ ಒಂದೊಂದು ಮಾತೂ ಬೇರೆ ಅರ್ಥ ಹೇಳತೊಡಗಿತು. ಒಳಗೆ ಹೋಗಬೇಕು ಎಂದದ್ದು. ಎರಡು ತಿಂಗಳು ಸುಮ್ಮನಾದದ್ದು. ಗೊಂಬೆಯ ಮಾತು ಎತ್ತಬೇಡ ಎಂದದ್ದು.

ಎಲ್ಲಿದ್ದೀ? ಇದನ್ನು ಓದುತ್ತಿರುವುದು ನೀನೇ ಆಗಿದ್ದರೆ, ನಿನ್ನ ಹುಬ್ಬಿನ ಗಾಯ ನಿಜವಾಗಿ ಹೇಗಾಯಿತು ಬರಿ. ನಮ್ಮಿಬ್ಬರಿಗೆ ಬಿಟ್ಟು ಲೋಕದಲ್ಲಿ ಯಾರಿಗೂ ಅದು ಗೊತ್ತಿಲ್ಲ. ನವೆಂಬರ್ ಹನ್ನೊಂದರ ಸಂಜೆಯ ಗಂಟೆಯವರೆಗೆ ಕಾಯುತ್ತೇನೆ.

ದಿಯಾಮಾಂತೆ


ವೆನಿಸ್, ನವೆಂಬರ್ 10, 1582
(ನಾನು ಮೊನ್ನೆಯವರೆಗೆ ಎಣಿಸಿದ ಲೆಕ್ಕದಲ್ಲಿ ಅಕ್ಟೋಬರ್ 31)

ಅಕ್ಕಾ,

ಗೂಡು ಬೇಯಿಸುವ ಕುದಿನೀರಿನ ಬಾಣಲೆಗೆ ನಾನು ಕೈ ಹಾಕಲು ಹೋದೆ. ನನಗೆ ಐದು ವರ್ಷ. ನೀನು ಸೌಟಿನಿಂದ ಹೊಡೆದೆ. ರಕ್ತ ನೋಡಿ ನನಗಿಂತ ಜೋರಾಗಿ ನೀನೇ ಅತ್ತೆ. ಅಪ್ಪ ಬರುವಷ್ಟರಲ್ಲಿ ಮರದಿಂದ ಬಿದ್ದೆ ಎಂದು ಹೇಳು ಅಂತ ಒಣ ಅಂಜೂರ ಕೊಟ್ಟೆ. ಎರಡು ಕೊಟ್ಟೆ. ಈಗ ನಂಬು, ಇದು ನಾನೇ.

ನಿನ್ನೆ ಜ್ವಾನಾಳ ಮನೆಗೆ ಬಂದೆ. ನಿನ್ನ ಎರಡು ಕಾಗದ ಹಿಟ್ಟಿನ ಡಬ್ಬಿಯ ಮೇಲೆ ಕೂತಿದ್ದವು. ಎರಡನ್ನೂ ಓದಿದೆ. ಎಲ್ಲ ಹೇಳುತ್ತೇನೆ, ಬೈಯುವುದನ್ನು ಕೊನೆಗಿಟ್ಟುಕೋ.

ಆಗಸ್ಟ್‌ನಲ್ಲಿ ಜಾರಾ ಎಂಬ ಊರಿಗೆ ಹೋಗುವ ಹಡಗಿನಲ್ಲಿ ಬಡಗಿಯಾಗಿ ಸೇರಿಕೊಂಡೆ. ಅಪ್ಪಣೆ ಇದ್ದದ್ದು ವೆನಿಸ್‌ಗೆ ಮಾತ್ರ, ಗೊತ್ತು. ಸಮುದ್ರದ ಆಸೆ, ಬೇರೇನೂ ಅಲ್ಲ. ವಾಪಸು ಬರುವಾಗ ಹಡಗಿನಲ್ಲಿ ಒಬ್ಬ ಜ್ವರ ಬಂದು ಸತ್ತ. ಪ್ಲೇಗು ಇರಬಹುದೆಂದು ನಮ್ಮೆಲ್ಲರನ್ನೂ ಊರಿಗೆ ಬಿಡದೆ ನಲವತ್ತು ದಿನ ಕೂಡಿಡುವ ದ್ವೀಪಕ್ಕೆ ಇಳಿಸಿದರು. ಅಲ್ಲಿಂದ ಹೊರಡುವ ಪ್ರತಿ ಕಾಗದವನ್ನೂ ಹುಳಿ ದ್ರಾಕ್ಷಾರಸದಲ್ಲಿ ಅದ್ದಿ ಹೊಗೆಗೆ ಹಿಡಿಯುತ್ತಾರೆ. ಘಾಟು ಅದೇ.

ದಿನದ ಲೆಕ್ಕವನ್ನು ದ್ವೀಪದ ಮೇಲ್ವಿಚಾರಕ ಗೋಡೆಯ ಮೇಲೆ ಕೆಂಪು ಗೀಟು ಎಳೆದು ಇಡುತ್ತಿದ್ದ. ಹತ್ತು ತಾರೀಖು ಹಾರಿದ ಸುದ್ದಿ ಅವನಿಗೆ ಗೊತ್ತಿತ್ತು, ನಮಗೆ ಹೇಳಲಿಲ್ಲ. ಹೊರಡುವ ದಿನ ಕೇಳಿದರೆ, "ಹೇಳಿದ್ರೆ ನೀವೆಲ್ಲ ಹತ್ತು ದಿನ ಮುಂಚೆ ಬಿಡಿ ಅಂತ ಕುತ್ತಿಗೆ ಮೇಲೆ ಕೂರ್ತಿದ್ರಿ. ಪ್ಲೇಗಿಗೆ ಪೋಪ್ ಲೆಕ್ಕ ಗೊತ್ತಿಲ್ಲಪ್ಪ. ನಲವತ್ತು ಅಂದ್ರೆ ನಲವತ್ತು," ಎಂದ. ನಾನು ಗೀಟು ಎಣಿಸಿ ಒಂಬತ್ತು ಎಂದು ಬರೆದೆ. ಹಬ್ಬಕ್ಕೆ ಹನ್ನೆರಡು ದಿನ ಇದೆ ಎಂದು ಹಾಯಾಗಿದ್ದೆ. ಹೊರಗೆ ಬಂದರೆ ಎರಡೇ ದಿನ.

ನಿನಗೆ ಮೊದಲೇ ಯಾಕೆ ಹೇಳಲಿಲ್ಲ? ಆರು ವರ್ಷದ ಹಿಂದೆ ನಿನ್ನನ್ನು ಮದುವೆಯಾಗಬೇಕಿದ್ದವನು ಇದೇ ದ್ವೀಪಕ್ಕೆ ಹೋಗಿ ತಿರುಗಿ ಬರಲಿಲ್ಲ. ಅವನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. "ನಾನೂ ಅಲ್ಲಿದ್ದೇನೆ" ಎಂದು ನಿನಗೆ ಹೇಗೆ ಬರೆಯಲಿ? ಗೋಡೆಯಲ್ಲಿ ಅವನ ಹೆಸರು ಇದೆಯೇನೋ ಎಂದು ಹುಡುಕಿದೆ. ಸಿಗಲಿಲ್ಲ.

ಗೊಂಬೆ ನಾನೇ ತಂದದ್ದು. ಸಂಘದವರು ಮನೆ ಜಾಲಾಡಿದರೆ ಅದು ನಿನ್ನ ಅಟ್ಟದಲ್ಲಿ ಸಿಗಬಾರದು ಎಂದು. ಸುಡಲು ಮನಸ್ಸು ಬರಲಿಲ್ಲ, ಅಪ್ಪನ ಕೈಕೆಲಸ. ಜಾರಾದ ದಾರಿಯಲ್ಲಿ ಕಲ್ಲು ಕಟ್ಟಿ ಸಮುದ್ರಕ್ಕೆ ಬಿಟ್ಟೆ. ಇದನ್ನು ಓದಿದ ಕೂಡಲೇ ಈ ಹಾಳೆಯನ್ನು ಒಲೆಗೆ ಹಾಕು.

ದ್ವೀಪದಿಂದ ಕೊಟ್ಟ ಬಿಡುಗಡೆ ಪತ್ರವನ್ನು ಜೊತೆಗಿಟ್ಟಿದ್ದೇನೆ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಮುದ್ರೆ ಸಮೇತ ಇದೆ. ಅಂಚೆಯ ಕುದುರೆ ನನಗಿಂತ ಬೇಗ ಓಡುತ್ತದೆ. ನಾನು ನಮ್ಮ ಗಡಿಯ ಈಚೆ ಫೆರಾರಾವರೆಗೆ ಬಂದು ಸೇತುವೆಯ ಹತ್ತಿರದ ಛತ್ರದಲ್ಲಿ ನಿನ್ನ ಮಾತಿಗೆ ಕಾಯುತ್ತೇನೆ. ಬಾ ಎಂದರೆ ಬರುತ್ತೇನೆ.

ಮೀನೋ


ಬೊಲೋನ್ಯಾ, ನವೆಂಬರ್ 15, 1582

ಮೀನೋ,

ನಿನ್ನ ಕಾಗದ ನಿನ್ನೆ ಬಂತು. ನಿನ್ನ ಚಿತ್ರದ ಬಣ್ಣ ಆಗಲೇ ಒಣಗಿತ್ತು.

ಇನ್ನು ನಾನು ಹೇಳುವುದನ್ನು ಕೇಳು. ಬಂಡಿಯಲ್ಲಿ ಹೋಗುವವರಿಂದ ಕೇಳುವುದು ಬೇಡ. ಹನ್ನೊಂದರ ಸಂಜೆ ಗಂಟೆ ಹೊಡೆಯುವವರೆಗೂ ಊರ ಬಾಗಿಲಲ್ಲಿ ನಿಂತಿದ್ದೆ. ಮಾರನೆಯ ದಿನ ಸಂಘದವರು ಕರೆಸಿದರು. ಹನ್ನೆರಡು ಜನ ಕೂತಿದ್ದರು. ಪೊಂಪೀಲಿಯೊ ನಿನ್ನ ಕಾಗದವನ್ನು ಎತ್ತಿ ತೋರಿಸಿ, "ಜಾಮೀನು ಕೊಟ್ಟವಳನ್ನೇ ಕೇಳೋಣ. ನಿನ್ನ ತಮ್ಮ ನಿಯತ್ತಿನವನು ಅಂತ ಇವತ್ತೂ ಆಣೆ ಮಾಡ್ತೀಯಾ?" ಎಂದ.

ಮಾಡಬಹುದಿತ್ತು. ಬೈಬಲ್ ಎದುರಿಗೇ ಇತ್ತು. ಕೈ ಚಾಚಿದರೆ ಸಾಕಿತ್ತು. "ಗೊತ್ತಿಲ್ಲ ಸ್ವಾಮಿ," ಎಂದೆ. ಮತ್ತೆ ಕೇಳಿದರು. "ಅವನ ಮೇಲೆ ನನಗೂ ನಂಬಿಕೆ ಹೋಯ್ತು," ಎಂದೆ. ಗುಮಾಸ್ತ ಅದನ್ನೇ ಬರೆದುಕೊಂಡ. ಸ್ವಂತ ಅಕ್ಕನೇ ಹೀಗೆಂದ ಮೇಲೆ ಬೇರೆ ಸಾಕ್ಷಿ ಯಾಕೆ ಬೇಕು? ನಿನ್ನನ್ನು ತಲೆಕೆಳಗೆ ಮಾಡಿದವಳು ನಾನು, ಮೀನೋ. ಪೊಂಪೀಲಿಯೊ ಅಲ್ಲ, ಪೋಪ್ ಅಲ್ಲ.

ಅದೇ ದಿನ ಚಿತ್ರಗಾರ ಮನೆಗೆ ಬಂದ. ನಡುವಯಸ್ಸಿನ, ನಾಚಿಕೆಯ ಮನುಷ್ಯ. ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತ.

"ತಪ್ಪು ತಿಳ್ಕೋಬೇಡಿ ಅಮ್ಮಾ. ನಿಮ್ಮ ತಮ್ಮನ್ನ ನಾನು ನೋಡಿಲ್ಲ. ಮುಖ ಹ್ಯಾಗಿತ್ತು ಅಂತ ಹೇಳಿದ್ರೆ..."

ಬಾಗಿಲು ಹಾಕಬಹುದಿತ್ತು. ಹಾಕಲಿಲ್ಲ, ಒಳಗೆ ಕೂರಿಸಿದೆ. ಅಷ್ಟು ಸಿಟ್ಟಿತ್ತು ನಿನ್ನ ಮೇಲೆ. ಹುಬ್ಬಿನಿಂದ ಶುರುಮಾಡೋಣ ಎಂದ. ಹುಬ್ಬು ಎಂದ ಕೂಡಲೇ ಎದ್ದು ಹೂಜಿಯ ಹತ್ತಿರ ಹೋದೆ. ಸ್ವಲ್ಪ ನೀರು ಕುಡಿದು ಆಮೇಲೆ ಹೇಳುತ್ತಾ ಹೋದೆ. ಅವನು ಇದ್ದಿಲಿನಿಂದ ಗೀಚುತ್ತಾ ಒಂದೆರಡು ಸಲ ನನ್ನನ್ನು ನೋಡಿದ. ಕೊನೆಗೆ ಹಲಗೆ ಮಡಿಲಲ್ಲಿಟ್ಟು ತುಂಬ ಹೊತ್ತು ನೋಡಿದ. "ಇದನ್ನೇ ಬರೀಲಾ ಅಮ್ಮಾ?" ಎಂದ. "ಅದನ್ನೇ ಬರಿ," ಎಂದೆ. ಅವನು ಮತ್ತೇನೂ ಕೇಳದೆ ಹೋದ. ಅವನಿಗೆ ಪುಣ್ಯ ಬರಲಿ.

ಇವತ್ತು ಬೆಳಗ್ಗೆ ಬಿಡುಗಡೆ ಪತ್ರ ಹಿಡಿದು ಸಂಘಕ್ಕೆ ಹೋದೆ. ನಿನ್ನ ಕಾಗದದ ಒಂದು ಹಾಳೆ ಒಲೆಗೆ ಹೋಗಿತ್ತು, ಉಳಿದದ್ದು ಅವರ ಮುಂದಿಟ್ಟೆ. ಪೊಂಪೀಲಿಯೊ ಮುದ್ರೆಯನ್ನು ಕಿಟಕಿಗೆ ಹಿಡಿದ, ಮೂಸಿದ, ಗೀಟುಗಳ ಲೆಕ್ಕವನ್ನು ಬೆರಳಲ್ಲಿ ಮಾಡಿದ, ಮತ್ತೆ ಮಾಡಿದ. ಅವನ ಮುಖ ನೋಡಬೇಕಿತ್ತು ನೀನು! ಹನ್ನೆರಡು ಜನರೂ ತಲೆ ಕೆರೆದುಕೊಂಡು ಶಿಕ್ಷೆ ತೆಗೆದುಹಾಕಿದರು. ಅಪ್ಪಣೆ ಮೀರಿ ಹಡಗು ಹತ್ತಿದ್ದಕ್ಕೆ ಒಂದು ವರ್ಷ ಊರು ಬಿಡುವಂತಿಲ್ಲ, ಅಷ್ಟೆ. ಬಂದ ದಿನವೇ ಸಂಘಕ್ಕೆ ಹೋಗಿ ಮುಖ ತೋರಿಸಬೇಕು. ಚಿತ್ರ ಮಾತ್ರ ಈಗಲೇ ಅಳಿಸುವುದಿಲ್ಲ. ಈ ಚಳಿಯಲ್ಲಿ ಸುಣ್ಣ ಹಿಡಿಯುವುದಿಲ್ಲವಂತೆ, ವಸಂತ ಬರಲಿ ಎಂದರು.

ಸಂಘಕ್ಕೆ ಹೋದರೂ ನಾನು ಇನ್ನೂ ಆ ಗೋಡೆಯ ಕಡೆ ಕಣ್ಣೆತ್ತಿ ನೋಡಿಲ್ಲ. ಬಾ ಎನ್ನುವ ಮುಖ ನನಗಿಲ್ಲ. ಆದರೂ ಬಾ.

ಅಕ್ಕ


ಬೊಲೋನ್ಯಾ, ನವೆಂಬರ್ 21, 1582

ಅಕ್ಕಾ,

ಮೇಲಿನ ಊರ ಹೆಸರು ಸರಿಯಾಗಿಯೇ ಇದೆ. ಸಂಘದ ಗೋಡೆಯ ಎದುರಿನ ಕಮಾನಿನ ಕೆಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಚೆಸ್ಟ್‌ನಟ್ ಸುಡುವ ಅಜ್ಜಿಯ ಮೊಮ್ಮಗಳು ತಂದುಕೊಡುತ್ತಾಳೆ. ನೇರ ಮನೆಗೆ ಬಾರದೆ ಕಾಗದ ಯಾಕೆ ಎನ್ನುತ್ತೀ. ಎದುರಿಗೆ ನಿಂತರೆ ಇದನ್ನು ನನ್ನ ಕೈಯಲ್ಲಿ ಹೇಳಲಾಗುವುದಿಲ್ಲ.

ನಿನ್ನ ಕಾಗದ ಫೆರಾರಾಕ್ಕೆ ಎರಡೇ ದಿನದಲ್ಲಿ ಬಂತು. ನಾನು ಹೊರಡಲಿಲ್ಲ. ಮೂರು ದಿನ ಛತ್ರದಲ್ಲೇ ಕೂತೆ. ಯಾಕೆ ಗೊತ್ತಾ? ಅಕ್ಷರ ನಿನ್ನದೇ. ಆದರೆ ಶಿಕ್ಷೆ ತೆಗೆದರು, ಬಾ, ಬಂದ ದಿನವೇ ಸಂಘಕ್ಕೆ ಹೋಗು, ಇದನ್ನೆಲ್ಲ ಪೊಂಪೀಲಿಯೊ ಪಕ್ಕದಲ್ಲಿ ನಿಂತು ಬರೆಸಿದ್ದರೆ? ನಂಬಿಕೆ ಹೋಯ್ತು ಎಂದು ಹನ್ನೆರಡು ಜನರ ಮುಂದೆ ಹೇಳಿದವಳು ಇಷ್ಟನ್ನು ಬರೆಯುವುದೇನು ದೊಡ್ಡದು ಎಂದುಕೊಂಡೆ. ಹೌದು, ನಾನೂ ಹಾಗೆಯೇ ಯೋಚಿಸಿದೆ. ನೀನೊಬ್ಬಳೇ ಅಲ್ಲ.

ಕೊನೆಗೆ ಚೆಸ್ಟ್‌ನಟ್ ಗಾಡಿಯವರ ಜೊತೆ ಮೂಟೆ ಹೊತ್ತು ಊರೊಳಗೆ ಬಂದೆ, ಟೋಪಿ ಕಣ್ಣಿನವರೆಗೆ ಎಳೆದುಕೊಂಡು. ಗೋಡೆ ನೋಡಿ, ಆಮೇಲೆ ಬರುವುದೋ ಓಡುವುದೋ ತೀರ್ಮಾನ ಮಾಡೋಣ ಎಂದಿದ್ದೆ. ಗೋಡೆಯ ಮುಂದೆ ನಿಂತೆ. ತಲೆಕೆಳಗಾದ ಮುಖ ಒಂದೇ ಸಲಕ್ಕೆ ತಿಳಿಯುವುದಿಲ್ಲ. ಬಗ್ಗಿ, ಕತ್ತು ತಿರುಗಿಸಿ, ಕಾಲಸಂದಿಯಿಂದ ನೋಡುವ ಹುಡುಗರ ಹಾಗೆ ನೋಡಿದೆ. ಅಜ್ಜಿ ನಕ್ಕಳು.

"ಸಂಘದೋರು ಬಿಟ್ಟುಬಿಟ್ರಂತಪ್ಪ ಅವನ್ನ," ಎಂದಳು. "ಆದ್ರೂ ನೋಡು, ಕಳ್ಳಮುಖ. ಎಲ್ಲಾದ್ರೂ ನೋಡಿದ್ಯಾ?"

"ಇಲ್ಲಜ್ಜಿ," ಎಂದೆ.

ಬೀಸಣಿಗೆಯಂಥ ಕಿವಿ ಅಕ್ಕಾ. ಕೊಕ್ಕರೆ ಕತ್ತು. ಹುಬ್ಬಿನಲ್ಲಿ ಗಾಯವಿಲ್ಲ. ಎಡ ತುಟಿಯ ಕೆಳಗೆ ಕಡಲೆಕಾಳಿನಷ್ಟು ಮಚ್ಚೆ, ಅದರ ಮೇಲೆ ಆ ಪುಣ್ಯಾತ್ಮ ಒಂದು ಕೂದಲನ್ನೂ ಬಿಡಿಸಿದ್ದಾನೆ. ನನ್ನ ಮೇಲೆ ಒಂದು ಚೂರೂ ನಂಬಿಕೆ ಇಲ್ಲದ ದಿನ, ಅಷ್ಟು ಸಿಟ್ಟಿನಲ್ಲಿ, ಊರಿನವರು ಹುಡುಕಿ ಹಿಡಿಯಲಿ ಎಂದು ನೀನು ಕೊಟ್ಟದ್ದು ನಿನ್ನ ಮುಖ.

ಅಜ್ಜಿಗೆ ಸುಳ್ಳು ಹೇಳಿದೆ. ಹುಟ್ಟಿದ ಲಾಗಾಯ್ತು ನೋಡುತ್ತಿರುವ ಮುಖ ಅದು.

ಒಂದು ಸೇರು ಬಿಸಿ ಚೆಸ್ಟ್‌ನಟ್ ಕಟ್ಟಿಸಿಕೊಂಡಿದ್ದೇನೆ. ಮೊದಲು ಸಂಘಕ್ಕೆ ಹೋಗಿ ಪೊಂಪೀಲಿಯೊಗೆ ನನ್ನ ಮುಖ ತೋರಿಸಿ ಬರುತ್ತೇನೆ. ಅವನು ಗೋಡೆಯನ್ನೂ ನನ್ನನ್ನೂ ನೋಡಿ ಏನೆನ್ನುತ್ತಾನೋ ನೋಡೋಣ. ವಸಂತದಲ್ಲಿ ಸುಣ್ಣ ಬಳಿಯುವ ದಿನ ಬ್ರಷ್ ನನ್ನ ಕೈಗೇ ಕೊಡಬೇಕೆಂದು ಈಗಲೇ ಕೇಳಿಡುತ್ತೇನೆ. ಬೇರೆಯವರು ನಿನ್ನ ಮುಖಕ್ಕೆ ಸುಣ್ಣ ಬಳಿಯುವುದು ನನಗೆ ಬೇಡ.

ಬಾಗಿಲ ಅಗಳಿ ತೆಗೆದಿರು. ಅಳುವುದಿದ್ದರೆ ಈಗಲೇ ಮುಗಿಸಿಕೋ, ಚೆಸ್ಟ್‌ನಟ್ ಆರಿಹೋಗುತ್ತದೆ.

ನಿನ್ನ ತಮ್ಮ,
ಮೀನೋ